ನಮ್ಮ ಟೇಲರ್

ಸುಳ್ಳು ಹೇಳಿದವರ ಎದೆಯ ಬಟ್ಟೆಯ ಮೇಲೆ ನಿಜ ಸಬ್‌ಟೈಟಲ್‌ನಂತೆ ಮೂಡುವುದು ಎಲ್ಲರಿಗೂ ರೂಢಿಯಾಗಿತ್ತು. ಆದರೂ ಜಪಾನಿ ಕಾರ್ಟೂನ್ ಪಾತ್ರಗಳ ವೇಷ ತೊಟ್ಟು ಸೇರುವ ಹುಬ್ಬಳ್ಳಿಯ ಅನಿಮೆ ಮೇಳದಲ್ಲಿ ನಾನು, ಮೂರ್ಖ, ಅದನ್ನು ಮರೆತೆ.

ಮಾಂತ್ರಿಕನ ವೇಷದಲ್ಲಿ ಗೆಳೆಯರೊಡನೆ ನಿಂತಿದ್ದಾಗ ಅವ್ವ ಬುತ್ತಿಯ ಚೀಲ ಹಿಡಿದು ಬಂದಳು. ತನ್ನ ಇಳಕಲ್ ಸೀರೆ ಕತ್ತರಿಸಿ ನನ್ನ ನಿಲುವಂಗಿ ಹೊಲಿದವಳು ಅವಳೇ.

"ಯಾರಲೇ ಅವರು?" ಎಂದ ವಿರೂಪಾಕ್ಷ.

"ನಮ್ಮ ಟೇಲರ್."

ತೆರೆದ ನಿಲುವಂಗಿಯೊಳಗೆ, ನನ್ನ ಅಂಗಿಯ ಎದೆಯ ಮೇಲೆ 'ನಮ್ಮವ್ವ' ಎಂದು ಮೂಡಿತು. ಗೆಳೆಯರು ಓದುವ ಮೊದಲೇ ಅವ್ವ ಓದಿದಳು. ಸರಸರನೆ ನನ್ನ ನಿಲುವಂಗಿಯ ಗುಂಡಿ ಹಾಕಿ ಅದನ್ನು ಮುಚ್ಚಿದಳು.

"ಹೌದ್ರಿ, ನಾ ಟೇಲರ್. ಗುಂಡಿ ನೋಡಾಕ ಬಂದಿದ್ದೆ," ಎಂದವಳು ಬುತ್ತಿ ಕೊಡದೆ, ಚೀಲವನ್ನು ಎದೆಗವಚಿಕೊಂಡು ಹೊರಟುಹೋದಳು.

ಆ ಚೀಲದ ಹಿಂದೆ ಏನು ಮೂಡಿತ್ತೆಂದು ಕೇಳಲು ನನಗಿನ್ನೂ ಮುಖವಿಲ್ಲ.