ಅಂಗೈ ಉರಿ

ಯಂತ್ರಗಳ ಸ್ಥಿತಿ ಮೈಗೇ ತಿಳಿಯಲೆಂದು ಕಾರ್ಖಾನೆಯ ನರಗಳನ್ನು ಮುಖ್ಯಸ್ಥರ ಅಂಗೈಗೆ ಹೆಣೆಯುವುದು ಈಗ ಎಲ್ಲೆಡೆಯ ವಾಡಿಕೆ. ಬಿಸ್ಕತ್ತು ಕಾರ್ಖಾನೆಯಲ್ಲಿ ಹೆಸರು ಮಾಡಿ ಸಕ್ಕರೆ ಕಾರ್ಖಾನೆಗೆ ಮುಖ್ಯಸ್ಥೆಯಾಗಿ ಬಂದ ಅನಸೂಯಾ, ಹಂಗಾಮಿನ ಮೊದಲ ಪಾಕದ ಕಡಾಯಿಯ ಮುಂದೆ ಉರಿಯುವ ಅಂಗೈ ಉಜ್ಜಿಕೊಳ್ಳುತ್ತ ಶತಪಥ ಹಾಕುತ್ತಿದ್ದಳು. ಬಿಸ್ಕತ್ತಿನವರಲ್ಲಿ ಅಂಗೈ ಉರಿದರೆ ಒಲೆಯೊಳಗೆ ಏನೋ ಕರಕಾಗುತ್ತಿದೆ ಎಂದರ್ಥ.

"ಬಾಯ್ಲರ್ ಆರಿಸಿ!"

"ಬ್ಯಾಡ್ರಿ ಅಕ್ಕಾರ," ಮೇಸ್ತ್ರಿ ದುಂಡಪ್ಪ ಅಂಗಲಾಚಿದ. "ಹಿಂದಿನ ಸಾಹೇಬ್ರು ಇದ ಕಡಾಯಿ ತಿರುವಿ ಮ್ಯಾಲ ಬಂದವ್ರು. ಕೈ ಉರೀಲಿಲ್ಲಂದ್ರ ಹೆದರತಿದ್ರು. ಯಾಕಂತ ನಮಗ ಗೊತ್ತಿಲ್ರಿ."

"ಉರಿ ನನಗೋ ನಿನಗೋ?"

ಬೆಂಕಿ ಆರಿತು. ಸಂಜೆಯ ಹೊತ್ತಿಗೆ ಅಂಗೈ ತಣ್ಣಗಾಯಿತು. ಬಂದಂದಿನಿಂದ ಮೊದಲ ಸಲ ಆಕೆ ನಿಂತಲ್ಲಿ ನಿಂತಳು.

"ಉರಿ ಹೋಯಿತು, ದುಂಡಪ್ಪ."

ಆತ ಸಲಾಕೆಯಿಂದ ಪಾಕವನ್ನು ಕುಟ್ಟಿದ. ಆರಿ ಗಟ್ಟಿಯಾದ ಪಾಕದಿಂದ ಕಲ್ಲಿನ ಸದ್ದು ಬಂತು. ಆಕೆಯ ಅಂಗೈಗೆ ಏನೂ ತಿಳಿಯಲಿಲ್ಲ.