ಸುಡಬಾರದ ಗರಿ

“ಬೇಡ, ಬೇಡ! ಸುಡಬೇಡಿ ಮಾರಾಯ್ರೆ!”

ಎರಡನೇ ಮಾಳಿಗೆಯ ಗ್ಯಾಲರಿಯಿಂದ ಕೂಗಿದ ರಾಜೀವಿ, ಸಾರನ್ನು ಸ್ಟವ್ವಿನಿಂದ ಇಳಿಸಿದವಳೇ ಮೆಟ್ಟಿಲಿಳಿದು ಓಡಿದಳು. ಮದುವೆಯಾಗಿ ಕಾಪುವಿನಿಂದ ಮುಂಬಯಿಯ ಸಾಂತಾಕ್ರೂಜಿಗೆ ಬಂದು ಮೂರು ತಿಂಗಳಾಗಿತ್ತು. ಹಿಂದಿ ಬಾರದು, ಮರಾಠಿ ಬಾರದು. ಗಂಡ ಅಣ್ಣು ಹೋಟೆಲಿನಿಂದ ಬರುವವರೆಗೆ ಅವಳ ಬಾಯಿ ಊಟಕ್ಕಲ್ಲದೆ ಇನ್ಯಾವುದಕ್ಕೂ ತೆರೆಯುತ್ತಿರಲಿಲ್ಲ.

ಕಂಪೌಂಡಿನ ಮೂಲೆಯಲ್ಲಿ ಒಣ ಎಲೆ, ತರಕಾರಿ ಸಿಪ್ಪೆ, ಅದರ ಮೇಲೆ ಗಾಳಿಗೆ ಬಿದ್ದ ಹತ್ತಿಪ್ಪತ್ತು ತೆಂಗಿನ ಗರಿ. ಕಸ ಗುಡಿಸುವ ಸಾಯಬಣ್ಣ ಗೀರಿದ ಕಡ್ಡಿ ಹಿಡಿದು ಹಾಗೇ ನಿಂತುಬಿಟ್ಟಿದ್ದ. ಬೆರಳು ಸುಟ್ಟಾಗ ಕೊಡವಿದ.

“ಯವ್ವಾ, ನಿಮಗ ಕನ್ನಡ ಬರ್ತದೇನ್ರಿ?”

“ನಿಮಗೂ ಬರ್ತದಾ?”

“ನಂದು ಆಳಂದ ಕಡಿ ರೀ. ನೀವು ಮದ್ರಾಸಿನವರು ಅನ್ಕೊಂಡಿದ್ದೆ. ಮೂರು ತಿಂಗಳ ನಿಮ್ಮ ಬಾಗಲಾಗಿನ ಕಸ ಒಯ್ದೀನಿ, ಒಂದ್ ಮಾತಾಡಿಲ್ಲ ನೋಡ್ರಿ!”

ರಾಜೀವಿ ಸೆರಗು ಬಾಯಿಗೊತ್ತಿ ನಕ್ಕಳು. “ಇದು ಕಸ ಅಲ್ಲ. ಗರಿ ಸುಟ್ಟವಳನ್ನು ನಮ್ಮೂರಲ್ಲಿ ಸೊಸೆ ಅಂತ ಕರೆಯುವುದಿಲ್ಲ. ನನಗೆ ಕೊಡಿ.”

“ಸಂಜಿಗೆ ಮೂಲಿ ಖಾಲಿ ಆಗ್ಲಿಲ್ಲ ಅಂದ್ರ ಬಿಲ್ಡಿಂಗಿನ ಸೆಕ್ರೆಟರಿ ಸಾಹೇಬ್ರು ನನ್ನ ನೌಕರಿ ತಗೀತಾರ್ರಿ.”

“ಸಂಜೆಯೊಳಗೆ ಖಾಲಿ ಮಾಡುವ.”

ಮನೆಗೆ ಬೀಗ ಹಾಕಿ, ಚೂರಿ ತಂದು ಅಲ್ಲೇ ಕುಳಿತಳು. ಅವಳು ಹಿಡಿಸೂಡಿ ಪೊರಕೆಗೆಂದು ಎಲೆ ಸೀಳಿ ಕಡ್ಡಿ ತೆಗೆದಳು, ಅವನು ಮಟ್ಟೆ ಕಡಿದ. ಮಟ್ಟೆ ನೀರು ಕಾಯಿಸುವ ಬಂಬಿಗೆ, ಎಲೆ-ಸಿಪ್ಪೆ ತೆಂಗಿನ ಬುಡಕ್ಕೆ. ಏನು ಗಲಾಟೆಯೆಂದು ನೋಡಲು ಬಂದ ಕೆಳಮನೆಯ ಮಂಜುಳಾಬೆನ್ ತಾನೂ ಒಂದು ಗರಿ ಎಳೆದುಕೊಂಡಳು. ಮೂರನೇ ಮಾಳಿಗೆಯಿಂದ ಇನ್ನಿಬ್ಬರು ಹೆಂಗಸರು ಇಳಿದು ಬಂದರು.

ನಾಲ್ಕು ಗಂಟೆಗೆ ಸೆಕ್ರೆಟರಿ ಕರ್ಣಿಕರು ಪೈಜಾಮದಲ್ಲೇ ಬಂದರು. “ಯೇ ಕ್ಯಾ ತಮಾಶಾ ಹೈ?”

ಸಾಯಬಣ್ಣನ ಮುಖ ಬಿಳಿಚಿತು. ರಾಜೀವಿ ಆಗಷ್ಟೇ ಕಟ್ಟಿದ ಹಿಡಿಸೂಡಿಯನ್ನು ಅವರ ಕೈಗಿತ್ತು, ನೀರಿನ ಟಾಕಿಯ ಬದಿಯ ಪಾಚಿಯತ್ತ ಬೆರಳು ತೋರಿಸಿದಳು. ಕರ್ಣಿಕರು ಅತ್ತಿತ್ತ ನೋಡಿ ಒಮ್ಮೆ ಗುಡಿಸಿದರು. ಇನ್ನೊಮ್ಮೆ. ಪಾಚಿ ಸಿಪ್ಪೆಯಂತೆ ಎದ್ದು ಬಂತು. ಪೈಜಾಮ ಮೊಣಕಾಲಿಗೆತ್ತಿ ಟಾಕಿಯ ಸುತ್ತ ಪೂರ್ತಿ ಗುಡಿಸಿದ ಮೇಲೇ ನಿಂತದ್ದು. ಏದುಸಿರಿನಲ್ಲೇ ಏನೋ ಹೇಳಿದರು.

“ಅವರ ಮನಿಗೂ ಒಂದು ಬೇಕಂತ್ರಿ,” ಸಾಯಬಣ್ಣ ಹಲ್ಲು ಬಿಟ್ಟ. “ಇನ್ನ ಗರಿ ಸುಡೂದು ಬಂದ್ ಅಂತ!”

ಹೆಂಗಸರೆಲ್ಲ ಹೋ ಎಂದು ನಕ್ಕರು. ಗುಜರಾತಿ, ಮರಾಠಿ, ಕನ್ನಡ ಒಂದರ ಮೇಲೊಂದು ಬಿದ್ದವು. ಯಾರು ಯಾರಿಗೆ ಏನು ಹೇಳಿದರೋ, ಎಲ್ಲರಿಗೂ ಅರ್ಥವಾದಂತಿತ್ತು.

ಹೋಟೆಲಿನಿಂದ ಬಂದ ಅಣ್ಣು ಬಾಗಿಲಿನ ಬೀಗ ಕಂಡು ಗಾಬರಿಯಾಗಿ ಕೆಳಗೆ ಓಡಿ ಬಂದ. ಹೆಂಡತಿಯ ತಲೆತುಂಬ ಗರಿಯ ಧೂಳು. ಅವನನ್ನು ಕಂಡೂ ಅವಳು ಏಳಲಿಲ್ಲ.

“ಚಾ?” ಎಂದ ಮೆಲ್ಲಗೆ.

ರಾಜೀವಿ ಸೊಂಟದಿಂದ ಬೀಗದ ಕೈ ತೆಗೆದು ಅವನತ್ತ ಚಾಚಿದಳು.

“ಹಾಲು ಮೇಲೆ ಉಂಟು. ಆರು ಗ್ಲಾಸು ಮಾಡಿ ತನ್ನಿ. ನಿಮಗೂ ಬೇಕಿದ್ದರೆ ಏಳು.”