ಜಗಲಿಯಿಂದ ಒನ್ಸ್ ಮೋರ್

"ಒನ್ಸ್ ಮೋರ್!"

ಭಾನುವಾರ ಸಂಜೆಯ ಟೀವಿಯಲ್ಲಿ, ಕಾಡುಪಾಲಾದ ರಾಜ ತನ್ನ ರಾಣಿಯನ್ನು ನೆನೆದು ಹಾಡಿ ಮುಗಿಸಿದ್ದೇ ತಡ, ಕೇರಿಯವರಿಗೆಂದು ಬಿಟ್ಟ ಜಗಲಿಯ ಮೇಲೆ ಕೂತಿದ್ದ ಮಿಲ್ ಕೂಲಿ ದೊಡ್ಡಹನುಮಯ್ಯ ಕೂಗಿಯೇಬಿಟ್ಟ. ಹಜಾರದ ತುಂಬ ನಗು ಸಿಡಿಯಿತು. ಮನೆಯ ಯಜಮಾನರು, ನಾಗರಬಾವಿಯ ಕೃಷ್ಣಪ್ಪಗೌಡರು, ಕುರ್ಚಿಯಲ್ಲೇ ಹೊರಳಿ ಬಾಗಿಲಾಚೆ ನೋಡಿದರು.

"ಲೋ ಹನುಮಯ್ಯ, ಅದು ಸಿನಿಮಾ ಕಣೋ! ಮಿಲ್ಲಿನ ಸದ್ದಿಗೆ ಕಿವಿ ಜೊತೆ ತಲೇನೂ ಹೋಯ್ತಾ?"

"ಬಾಯಿಗ್ ಬಂದ್ಬಿಡ್ತು ಗೌಡ್ರೇ."

ಪಕ್ಕದಲ್ಲಿದ್ದ ಹೆಂಡತಿ ಅಂಜನಮ್ಮ ತೊಡೆ ಚಿವುಟಿದಳು. "ಮಾನ ಕಳೀಬ್ಯಾಡ, ಸುಮ್ಕಿರು."

ಬಾಯಿಗೆ ಸುಮ್ಮನೆ ಬಂದದ್ದಲ್ಲ. ಊರ ಮುಂದಿನ ಬಯಲಲ್ಲಿ ಇದೇ ಕಥೆಯ ನಾಟಕ ಆಡುತ್ತಿದ್ದ ಕಾಲದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಕೂಗು ಅದು. ಚಪ್ಪರದೊಳಗೆ ಗೌಡರು ಕೂತ ಚಾಪೆಯಿಂದ ಒನ್ಸ್ ಮೋರ್ ಬಂದರೆ ಹಾರ್ಮೋನಿಯಂ ಮೇಷ್ಟ್ರು ತಿರುಗಿ ಶ್ರುತಿ ಹಿಡಿಯುತ್ತಿದ್ದರು; ಒಳಕ್ಕೆ ಹೋಗಿದ್ದ ರಾಜ ಮತ್ತೆ ಬಂದು ಹಾಡುತ್ತಿದ್ದ. ಚಪ್ಪರದಾಚೆ, ಗಾಡಿಗಳ ಹಿಂದೆ ನಿಂತ ಹೊಲಗೇರಿಯವರು ಗಂಟಲು ಹರಿದುಕೊಂಡರೂ ನಾಟಕ ಮುಂದಕ್ಕೆ ನಡೆದುಬಿಡುತ್ತಿತ್ತು. ಯಾರ ಚಪ್ಪಾಳೆಗೆ ತಿರುಗಬೇಕು, ಯಾರದಕ್ಕೆ ಕಿವುಡಾಗಬೇಕು ಅನ್ನುವುದು ಬಣ್ಣ ಹಚ್ಚಿದ ರಾಜನಿಗೂ ಗೊತ್ತಿತ್ತು. ತನ್ನ ಒಂದೇ ಒಂದು ಕೂಗಿಗೆ ಅವನು ತಿರುಗಿ ಬಂದು ಹಾಡಬೇಕು. ಹನುಮಯ್ಯನ ಆಸೆ ಇಷ್ಟೇ.

ಹೋದ ವರ್ಷ ಬಿನ್ನಿಪೇಟೆಯ ಹಳೇ ಪುಸ್ತಕದ ಗಾಡಿಯಲ್ಲಿ ಆ ನಾಟಕ ಬಣ್ಣದ ಚಿತ್ರಕಥೆಯಾಗಿ ಸಿಕ್ಕಿತ್ತು. ಹಾಳೆಯನ್ನು ಎಷ್ಟು ಸಲ ಬೇಕಾದರೂ ಹಿಂದಕ್ಕೆ ತಿರುಗಿಸಬಹುದು, ಕರೆದಾಗಲೆಲ್ಲ ರಾಜ ಬರುತ್ತಿದ್ದ. ಬಂದು ಬಾಯಿ ತೆರೆದುಕೊಂಡು ಸುಮ್ಮನೆ ನಿಲ್ಲುತ್ತಿದ್ದ.

"ಅರ್ಧ ಗಂಟೆ ಪದಾನ ಬಾಯ್ ಮುಂದಿನ್ ಒಂದು ಗುಳ್ಳೇಲಿ ಮುಗ್ಸವ್ರೆ ಕಣಮ್ಮಿ."

"ಕಿವಿ ಇಟ್ ನೋಡು, ಕೇಳುಸ್ತದೆ," ಎಂದು ಅಂಜನಮ್ಮ ಅಣಕಿಸಿದ್ದಳು. ಅವಳು ನೀರಿಗೆ ಹೋದಾಗ ಅವನು ಇಟ್ಟೂ ನೋಡಿದ್ದ.

ಈಗ ಟೀವಿಯ ರಾಜ ಹಾಡಂತೂ ಹಾಡಿದ್ದ. ಹಾಡಿ, ಕುದುರೆಯ ಕಡೆ ನಡೆಯುತ್ತಿದ್ದ.

"ಹೋಗ್ಲಿ ಬಿಡೋ, ನಿನ್ ಪರವಾಗಿ ನಾನೇ ಕೇಳ್ತೀನಿ." ಗೌಡರು ಮೀಸೆಯೊಳಗೆ ನಗುತ್ತ ಎದ್ದು ನಿಂತರು. ಚಾಪೆಯ ಕಾಲದ ಗತ್ತು ದನಿಯಲ್ಲಿ ಹಾಗೇ ಇತ್ತು. "ಒನ್ಸ್ ಮೋರ್!"

ಹನುಮಯ್ಯನ ಮಾನಗೆಟ್ಟ ಕಣ್ಣು ಪರದೆಗೆ ಅಂಟಿಕೊಂಡಿತು. ಇವರ ಕೂಗಿಗಾದರೂ ಬಂದುಬಿಡಲಿ. ಯಾರ ಹೆಸರಲ್ಲಾದರೂ ಸರಿ, ಇನ್ನೊಂದು ಸಲ.

ರಾಜ ಕುದುರೆ ಹತ್ತಿ ಹೊರಟುಹೋದ.

ಹಜಾರದಲ್ಲಿ ಈ ಸಲ ಯಾರೂ ನಗಲಿಲ್ಲ. ಗೌಡರು ನಿಂತೇ ಇದ್ದರು.

"ಅಯ್ಯೋ ಶಿವನೇ," ಅಂಜನಮ್ಮನ ಪಿಸುಮಾತು ಆ ಮೌನದಲ್ಲಿ ಒಳಗಿನ ಗೋಡೆಯವರೆಗೂ ಕೇಳಿಸಿತು, "ಈ ರಾಜ ಗೌಡ್ರು ಕರುದ್ರೂ ಬರಾಕಿಲ್ವಾ?"